ಬಿಲ್ಲೆ ಒಬ್ಬರದು, ಗಾಡಿ ಇನ್ನೊಬ್ಬರದು

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ.

1987ರಿಂದ 1989ರವರೆಗೆ ಅಮೆರಿಕದಲ್ಲಿ 'ಡಾಡ್ಜ್ ರೈಡರ್' ಅಂತ ಒಂದು ಜೀಪಿನಂಥ ಗಾಡಿ ಮಾರುತ್ತಿದ್ದರು. ಬಿಲ್ಲೆ ಡಾಡ್ಜ್ ಕಂಪನಿಯದು, ಗಾಡಿ ಮಾತ್ರ ಮಿತ್ಸುಬಿಷಿಯದು. ಬೇರೆ ದೇಶಗಳಲ್ಲಿ ಪಜೆರೋ ಅಂತ ಹೆಸರಾದದ್ದು ಇದೇ ಗಾಡಿ. ಸುಮಾರು ಹದಿನೇಳು ವರ್ಷ ಕಳೆದ ಮೇಲೆ, 2006ರ ಮಾಡೆಲ್ ಆಗಿ, 'ಮಿತ್ಸುಬಿಷಿ ರೈಡರ್' ಅಂತ ಒಂದು ಪಿಕಪ್ ಬಂತು. ಈ ಸಲ ಬಿಲ್ಲೆ ಮಿತ್ಸುಬಿಷಿಯದು, ಗಾಡಿ ಡಾಡ್ಜ್‌ನವರ ಡಕೋಟಾ. ಮಿಷಿಗನ್‌ನ ವಾರನ್‌ನಲ್ಲಿ ಡಕೋಟಾ ತಯಾರಾಗುತ್ತಿದ್ದ ಕಾರ್ಖಾನೆಯಲ್ಲೇ ಇದೂ ತಯಾರಾಗುತ್ತಿತ್ತು. ಈಗ ಹೇಳಿ, 'ರೈಡರ್' ಯಾರ ಗಾಡಿ?

ಉತ್ತರ ಗೊತ್ತಾಗಲಿಲ್ಲ ಅಂದ್ರೆ ಬೇಜಾರು ಮಾಡಿಕೊಳ್ಳಬೇಡಿ. ಗೊತ್ತಾಗಬಾರದು ಅಂತಲೇ ಅವರು ಹಾಗೆ ಮಾಡಿದ್ದು :)

ಇದೇನೂ ಅಪರೂಪದ ಕೇಸಲ್ಲ. ಪಿಕಪ್‌ಗಳ ಲೋಕದಲ್ಲಿ ಇದು ದಿನನಿತ್ಯದ ವ್ಯವಹಾರ. ಒಂದು ಕಂಪನಿ ಗಾಡಿ ಮಾಡುತ್ತೆ. ಅದರ ಪಾಲುದಾರ ಕಂಪನಿ ಮುಂದಿನ ಗ್ರಿಲ್ ಬದಲಾಯಿಸಿ, ಹಿಂಬಾಗಿಲಿಗೆ ತನ್ನ ಬಿಲ್ಲೆ ಹಾಕಿ, ತನ್ನ ಶೋರೂಮಿನಲ್ಲಿ ನಿಲ್ಲಿಸಿ ಮಾರುತ್ತೆ. ಇದಕ್ಕೆ 'ಬ್ಯಾಡ್ಜ್ ಎಂಜಿನಿಯರಿಂಗ್' ಅಂತ ಹೆಸರು ಬೇರೆ ಇಟ್ಟಿದ್ದಾರೆ. ನಾಲ್ಕು ವರ್ಷ ಕಷ್ಟಪಟ್ಟು ಎಂಜಿನಿಯರಿಂಗ್ ಓದಿದವನಿಗೆ ಮೊದಲು ಉರಿಯುವುದೇ ಈ ಪದ ಕೇಳಿದಾಗ. ಬಿಲ್ಲೆ ಅಂಟಿಸುವುದಕ್ಕೆ ಬೇಕಾಗಿರುವುದು ಎಂಜಿನಿಯರಿಂಗ್ ಅಲ್ಲ ಸ್ವಾಮಿ, ಫೆವಿಕ್ವಿಕ್!

ಆದರೆ ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಎರಡು ಕಂಪನಿಗಳು ಸೇರಿ ಒಂದೇ ಗಾಡಿ ಮಾಡುವುದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ವಿಷಯವನ್ನು ಗಿರಾಕಿಯಿಂದ ಮುಚ್ಚಿಡುವುದರ ಬಗ್ಗೆ. ಹೀಗೆ ಮುಚ್ಚಿಟ್ಟಿದ್ದರಿಂದ ದುಡ್ಡು ಹೋಗುವುದಿರಲಿ, ಕೆಲವೊಮ್ಮೆ ಜೀವಕ್ಕೇ ಕುತ್ತು ಬರುತ್ತೆ. ಅದನ್ನು ಆಮೇಲೆ ಹೇಳ್ತೀನಿ. ಮೊದಲು ಈ ನಾಟಕ ಶುರುವಾದದ್ದು ಹೇಗೆ ಅಂತ ನೋಡೋಣ. ನಂಬಿದ್ರೆ ನಂಬಿ, ಇದು ಶುರುವಾದದ್ದು ಕೋಳಿಯಿಂದ.

1960ರ ದಶಕದ ಆರಂಭ. ಅಮೆರಿಕದ ಫಾರಂ ಕೋಳಿ ಅಗ್ಗದ ಬೆಲೆಗೆ ಯುರೋಪಿಗೆ ಹೋಗಿ ಬೀಳುತ್ತಿತ್ತು. ಅಲ್ಲಿನ ರೈತರು ಬಾಯಿ ಬಡಿದುಕೊಂಡರು. ಪಶ್ಚಿಮ ಜರ್ಮನಿ, ಫ್ರಾನ್ಸ್ ಸೇರಿದ್ದ ಯುರೋಪಿನ ಒಕ್ಕೂಟ 1962ರಲ್ಲಿ ಅಮೆರಿಕದ ಕೋಳಿಯ ಮೇಲೆ ಸುಂಕ ಏರಿಸಿತು. ಅಮೆರಿಕ ಸುಮ್ಮನಿರುತ್ತಾ? 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಪ್ರತಿ ಸುಂಕದ ಆದೇಶ ಹೊರಡಿಸಿದ. ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಸಣ್ಣ ಟ್ರಕ್ಕುಗಳು ಅದರ ಪಟ್ಟಿಯಲ್ಲಿದ್ದವು. ಟ್ರಕ್ಕಿನ ಮೇಲಿನ ಸುಂಕ ಶೇ. 25. ಗುರಿ ಇಟ್ಟಿದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ. ಮಿಕ್ಕ ಮೂರರ ಮೇಲಿನ ಸುಂಕ ಕಾಲಕ್ರಮದಲ್ಲಿ ಹೋಯಿತು. ಟ್ರಕ್ಕಿನ ಮೇಲಿನದು ಮಾತ್ರ ಅರವತ್ತು ವರ್ಷ ಕಳೆದರೂ ಜಪ್ಪಯ್ಯ ಅಂದರೂ ಹೋಗಲಿಲ್ಲ. ಇವತ್ತಿಗೂ ಅದರ ಹೆಸರು 'ಚಿಕನ್ ಟ್ಯಾಕ್ಸ್'.

ಮುಂದೆ ಅಮೆರಿಕದಲ್ಲಿ ಸಣ್ಣ ಪಿಕಪ್‌ಗಳಿಗೆ ಬೇಡಿಕೆ ಬಂತು. ಅಲ್ಲಿನ ದೊಡ್ಡ ಕಂಪನಿಗಳ ಹತ್ತಿರ ಸಣ್ಣ ಪಿಕಪ್ ಇರಲಿಲ್ಲ, ಜಪಾನಿನವರ ಹತ್ತಿರ ಇತ್ತು. ಸರಿ, 1972ರಲ್ಲಿ ಫೋರ್ಡ್ ಕಂಪನಿ ಮಜ್ದಾ ಮಾಡಿದ ಪಿಕಪ್ಪನ್ನು ತರಿಸಿ 'ಕೊರಿಯರ್' ಅಂತ ಮಾರಿತು. ಅದೇ ವರ್ಷ ಷೆವ್ರೊಲೆ ಇಸುಜುವಿನ ಪಿಕಪ್ಪನ್ನು 'ಲವ್' ಅಂತ ಮಾರಿತು. (ಲವ್ ಅಂದ್ರೆ ಪ್ರೀತಿಯಲ್ಲ, 'ಲೈಟ್ ಯುಟಿಲಿಟಿ ವೆಹಿಕಲ್' ಅನ್ನುವುದರ ಮೊದಲಕ್ಷರಗಳು.) 1979ರಲ್ಲಿ ಡಾಡ್ಜ್ ಮಿತ್ಸುಬಿಷಿಯದನ್ನು 'ಡಿ50' ಅಂತ ಮಾರಿತು. ಶೇ. 25 ಸುಂಕ ತಪ್ಪಿಸಲು ಒಂದು ಉಪಾಯವನ್ನೂ ಕಂಡುಕೊಂಡರು. ಹಿಂದಿನ ಸಾಮಾನು ಪೆಟ್ಟಿಗೆ ಇಲ್ಲದೆ ಬರೀ ಚಾಸಿ ಮತ್ತು ಕ್ಯಾಬಿನ್ ತರಿಸಿದರೆ ಸುಂಕ ಶೇ. 4 ಮಾತ್ರ. ಹಡಗಿನಿಂದ ಇಳಿಸಿಕೊಂಡ ಮೇಲೆ ಅಮೆರಿಕದಲ್ಲೇ ಪೆಟ್ಟಿಗೆ ಕೂರಿಸಿದರಾಯ್ತು! 1980ರಲ್ಲಿ ಸರ್ಕಾರ ಈ ಕಳ್ಳಗಂಡಿ ಮುಚ್ಚಿತು.

ಆಮೇಲೆ ಆಟ ತಿರುಗಿತು. ಅಷ್ಟು ಹೊತ್ತಿಗೆ ಅಮೆರಿಕದವರು ತಮ್ಮದೇ ಸಣ್ಣ ಪಿಕಪ್ ಮಾಡಲು ಕಲಿತಿದ್ದರು. ಈಗ ಸುಂಕದ ಬಿಸಿ ತಟ್ಟಿದ್ದು ಜಪಾನಿನವರಿಗೆ. ಮಜ್ದಾ 1994ರಿಂದ ಫೋರ್ಡ್ ರೇಂಜರನ್ನೇ 'ಬಿ ಸೀರೀಸ್' ಅಂತ ಮಾರತೊಡಗಿತು. ರೇಂಜರ್‌ಗೆ 3.0 ಲೀಟರ್ ಎಂಜಿನ್ ಇದ್ದರೆ ಅದು ಬಿ3000, 4.0 ಲೀಟರ್ ಇದ್ದರೆ ಬಿ4000. 1996ರಲ್ಲಿ ಇಸುಜು ಷೆವ್ರೊಲೆ ಎಸ್-10ನ್ನು 'ಹೊಂಬ್ರೆ' ಮಾಡಿಕೊಂಡಿತು. 2006ಕ್ಕೆ ಮಿತ್ಸುಬಿಷಿ ರೈಡರ್ ಬಂತು. 2009ರ ಮಾಡೆಲ್ ಆಗಿ ಸುಜುಕಿ ಕಂಪನಿ ನಿಸ್ಸಾನ್ ಫ್ರಾಂಟಿಯರನ್ನು 'ಇಕ್ವೇಟರ್' ಅಂತ ತಂದಿತು.

ಗಮನಿಸಿದ್ರಾ? 1972ರಲ್ಲಿ ಮಜ್ದಾದ ಗಾಡಿಗೆ ಫೋರ್ಡ್ ಬಿಲ್ಲೆ. 1994ರಲ್ಲಿ ಫೋರ್ಡ್ ಗಾಡಿಗೆ ಮಜ್ದಾದ ಬಿಲ್ಲೆ. ನಮ್ಮ ಕಡೆ ಕೊಟ್ಟು ತರುವ ಸಂಬಂಧ ಅಂತಾರಲ್ಲ, ಥೇಟ್ ಹಾಗೆ. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಹುಡುಗಿ ಯಾವ ಮನೆಯವಳು ಅಂತ ಊರಿಗೆಲ್ಲ ಹೇಳಿಯೇ ಮದುವೆ ಮಾಡುತ್ತಾರೆ.

ಈಗ ಎದುರು ವಾದ ಕೇಳೋಣ. ಕೇಳದೆ ಬೈಯುವುದು ನ್ಯಾಯವಲ್ಲ.

ಮೊದಲನೇ ವಾದ: ಹೊಸ ಪಿಕಪ್ಪನ್ನು ಸೊನ್ನೆಯಿಂದ ಕಟ್ಟುವುದಕ್ಕೆ ವಿಪರೀತ ಖರ್ಚು. ಇಬ್ಬರು ಹಂಚಿಕೊಂಡರೆ ಇಬ್ಬರಿಗೂ ಉಳಿತಾಯ. ನೂರಕ್ಕೆ ನೂರು ಒಪ್ಪಿದೆ. ನಾನೇ ದಿನಾ ಬೇರೆಯವರು ಬರೆದ ಲೈಬ್ರರಿ ಮೇಲೆ ನನ್ನ ಪ್ರೋಗ್ರಾಂ ಕಟ್ಟುವವನು. ಚಕ್ರವನ್ನು ಎಲ್ಲರೂ ಮತ್ತೆ ಮತ್ತೆ ಕಂಡುಹಿಡಿಯಬೇಕು ಅನ್ನೋ ಹಟ ನನಗಿಲ್ಲ.

ಎರಡನೇ ವಾದ: ಬಿಲ್ಲೆ ಮಾತ್ರ ಬದಲಾಗಲ್ಲ, ಗಾಡಿಯೂ ಬದಲಾಗುತ್ತೆ. ಇದೂ ಕೆಲವು ಸಲ ನಿಜ. ಮರ್ಸಿಡಿಸ್ ಬೆಂಜ್ 2017ರಲ್ಲಿ ತಂದ ಎಕ್ಸ್-ಕ್ಲಾಸ್ ನೋಡಿ. ಅಡಿಯಲ್ಲಿ ನಿಸ್ಸಾನ್ ನವಾರಾ. ತಯಾರಾಗುತ್ತಿದ್ದದ್ದು ಬಾರ್ಸಿಲೋನಾದ ನಿಸ್ಸಾನ್ ಕಾರ್ಖಾನೆಯಲ್ಲಿ. ಅದೇ ಅಸ್ಥಿಪಂಜರದಿಂದ ರೆನೋ ಕಂಪನಿಯ 'ಅಲಾಸ್ಕನ್' ಕೂಡ ಬಂದಿತ್ತು. ಆದರೆ ಬೆಂಜ್‌ನವರು ಅಗಲ ಹೆಚ್ಚಿಸಿದರು, ಸಸ್ಪೆನ್ಷನ್ ತಿದ್ದಿದರು, ಒಳಗಿನ ಡ್ಯಾಶ್‌ಬೋರ್ಡ್ ಬೇರೆ ಮಾಡಿದರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟರು. ಯುರೋ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ 2015ರಲ್ಲಿ ನವಾರಾಗೆ ನಾಲ್ಕು ನಕ್ಷತ್ರ ಸಿಕ್ಕಿದ್ದರೆ 2017ರಲ್ಲಿ ಎಕ್ಸ್-ಕ್ಲಾಸ್‌ಗೆ ಐದು ಸಿಕ್ಕಿತು. ಕೆಲಸ ಮಾಡಿದ್ದಾರೆ, ಇಲ್ಲ ಅನ್ನಲ್ಲ.

ಆದರೆ ಅದರ ನಾಲ್ಕು ಸಿಲಿಂಡರಿನ 2.3 ಲೀಟರ್ ಡೀಸೆಲ್ ಎಂಜಿನ್ ಮಾತ್ರ ನವಾರಾದಲ್ಲಿದ್ದದ್ದೇ. ಶಕ್ತಿಯೂ ಅದೇ, 163 ಅಥವಾ 190 ಹಾರ್ಸ್‌ಪವರ್. ಬೆಂಜ್‌ನ ಸ್ವಂತ ಎಂಜಿನ್ ಬೇಕಿದ್ದವರು ಆರು ಸಿಲಿಂಡರಿನ ದುಬಾರಿ ಮಾಡೆಲ್‌ಗೆ ಕಾಯಬೇಕಿತ್ತು. ಮೂರು ನಕ್ಷತ್ರ ಮೊನೆಯ ಆ ಬಿಲ್ಲೆಗೆ ಜನ ದುಡ್ಡು ಕೊಡುವುದು ಬಾನೆಟ್ ಕೆಳಗೆ ಬೆಂಜ್ ಇದೆ ಅನ್ನೋ ನಂಬಿಕೆಯಿಂದ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಅನ್ನೋ ಗಾದೆ ನೆನಪಾಗಲ್ವಾ? ಜನಕ್ಕೂ ನೆನಪಾಗಿರಬೇಕು. ಮಾರಾಟ ಕುಂಟಿತು, 2020ರ ಮೇ ತಿಂಗಳಲ್ಲಿ ಎಕ್ಸ್-ಕ್ಲಾಸ್ ತಯಾರಿಕೆ ನಿಂತೇ ಹೋಯಿತು.

ಮೂರನೇ ವಾದ: ಗಿರಾಕಿಗೆ ಲಾಭವೂ ಇದೆ. ಇದೂ ನಿಜವೇ. ಅಮೆರಿಕದಲ್ಲಿ ಫ್ರಾಂಟಿಯರ್ ಕೊಂಡರೆ ಎಂಜಿನ್, ಗೇರ್‌ಬಾಕ್ಸ್ ಮೇಲೆ ನಿಸ್ಸಾನ್ ಕೊಡುತ್ತಿದ್ದ ವಾರಂಟಿ 5 ವರ್ಷ ಅಥವಾ 60,000 ಮೈಲಿ. ಅದೇ ಗಾಡಿಯನ್ನು ಇಕ್ವೇಟರ್ ಹೆಸರಿನಲ್ಲಿ ಕೊಂಡರೆ ಸುಜುಕಿ ಕೊಡುತ್ತಿದ್ದದ್ದು 7 ವರ್ಷ ಅಥವಾ 1,00,000 ಮೈಲಿ. ತಿಳಿದವರು ಸುಜುಕಿಯನ್ನೇ ಕೊಂಡರು. ಜಾಣತನ ಅನ್ನಿಸುತ್ತೆ ಅಲ್ವಾ?

ಸ್ವಲ್ಪ ತಡೀರಿ. 2012ರ ನವೆಂಬರಿನಲ್ಲಿ ಸುಜುಕಿಯ ಅಮೆರಿಕದ ಕಂಪನಿ ದಿವಾಳಿ ಅರ್ಜಿ ಹಾಕಿ, ಅಲ್ಲಿ ಕಾರು ಮಾರುವ ವ್ಯವಹಾರಕ್ಕೇ ಬಾಗಿಲು ಹಾಕಿತು. ಕೊಟ್ಟ ವಾರಂಟಿ ಉಳಿಸಿಕೊಳ್ಳುತ್ತೇವೆ ಅಂತ ಸುಜುಕಿ ಹೇಳಿತು, ಅದನ್ನು ಮೆಚ್ಚಬೇಕು. ಆದರೆ ಆ ಬಿಲ್ಲೆಯ ಹೊಸ ಗಾಡಿ ಮಾರುವ ಶೋರೂಮ್ ಊರಲ್ಲಿ ಉಳಿಯಲಿಲ್ಲ. ನಿಸ್ಸಾನ್ ಶೋರೂಮ್ ಮಾತ್ರ ಹಾಗೇ ಇತ್ತು, ಫ್ರಾಂಟಿಯರ್ ಕೂಡ ತಯಾರಾಗುತ್ತಲೇ ಇತ್ತು. ಅಂದ್ರೆ ಗಾಡಿಗೆ ಏನೂ ಆಗಿರಲಿಲ್ಲ, ಬಿಲ್ಲೆ ಮಾತ್ರ ಅನಾಥವಾಗಿತ್ತು. ಗಾಡಿ ಹೆತ್ತವರು ಬದುಕಿದ್ದರೂ, ಸಾಕಿದವರು ಊರು ಬಿಟ್ಟರು ಅಂತ ಮಗು ಅನಾಥಾಲಯದ ಬಾಗಿಲಲ್ಲಿ!

ಮಿತ್ಸುಬಿಷಿ ರೈಡರ್ 2009ಕ್ಕೆ ನಿಂತಿತು. ಫಿಯಟ್ ಕಂಪನಿ 2016ರಲ್ಲಿ ಮಿತ್ಸುಬಿಷಿ ಎಲ್200 ಪಿಕಪ್ಪನ್ನು ಥಾಯ್ಲೆಂಡಿನಿಂದ ತರಿಸಿ 'ಫುಲ್‌ಬ್ಯಾಕ್' ಅಂತ ಯುರೋಪಿನಲ್ಲಿ ಮಾರಿತು, ಕೆಲವೇ ವರ್ಷದಲ್ಲಿ ಅದೂ ಮಾಯ. ಎರವಲು ಗಾಡಿಗಳ ಜಾತಕವೇ ಹೀಗೆ. ಬೇರೆಯವರ ಗಾಡಿ ಮಾರುವವನಿಗೆ ಅದನ್ನು ಬಿಟ್ಟು ಹೋಗುವುದು ಸುಲಭ. ಕಾರ್ಖಾನೆ ಅವನದಲ್ಲ, ಅಚ್ಚು ಅವನದಲ್ಲ. ಅವನು ಕಳೆದುಕೊಳ್ಳುವುದು ಒಂದು ಗ್ರಿಲ್ಲು, ನಾಲ್ಕು ಬಿಲ್ಲೆ. ಹತ್ತು ವರ್ಷಕ್ಕೆ ಅಂತ ದುಡ್ಡು ಸುರಿದ ಗಿರಾಕಿ ಬಿಟ್ಟು ಹೋಗುವುದು ಎಲ್ಲಿಗೆ?

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 2018ರ ಜನವರಿಯಲ್ಲಿ ನಡೆದದ್ದನ್ನು ಓದಿದ ಮೇಲೆ ನನಗೆ ನಗು ಬರುತ್ತಿಲ್ಲ.

ಟಕಾಟಾ ಅನ್ನೋ ಜಪಾನಿನ ಕಂಪನಿ ಏರ್‌ಬ್ಯಾಗ್ ಮಾಡುತ್ತಿತ್ತು. ಡಿಕ್ಕಿಯಾದಾಗ ಕಣ್ಣು ಮಿಟುಕಿಸುವುದರೊಳಗೆ ಚೀಲ ಉಬ್ಬಬೇಕು. ಅದಕ್ಕೆ ಬೇಕಾದ ಅನಿಲ ಹುಟ್ಟಿಸಲು ಒಂದು ಲೋಹದ ಡಬ್ಬಿಯೊಳಗೆ ಅಮೋನಿಯಂ ನೈಟ್ರೇಟ್ ತುಂಬುತ್ತಿದ್ದರು. ವರ್ಷಗಟ್ಟಲೆ ಸೆಕೆ, ತೇವ ತಿಂದ ಆ ರಾಸಾಯನಿಕ ಕೆಡುತ್ತೆ. ಕೆಟ್ಟಿದ್ದು ಹೊತ್ತಿಕೊಂಡಾಗ ಬೇಕಾದ್ದಕ್ಕಿಂತ ರಭಸವಾಗಿ ಉರಿದು ಡಬ್ಬಿಯೇ ಸಿಡಿಯುತ್ತೆ, ಲೋಹದ ಚೂರುಗಳು ಚಾಲಕನ ಮುಖ, ಕುತ್ತಿಗೆಗೆ ನುಗ್ಗುತ್ತವೆ. ಜೀವ ಉಳಿಸಲು ಇಟ್ಟದ್ದೇ ಜೀವ ತೆಗೆಯುತ್ತೆ. ಇದರಿಂದ ಹತ್ತಾರು ಕಂಪನಿಗಳು ಕೋಟಿಗಟ್ಟಲೆ ಏರ್‌ಬ್ಯಾಗ್ ವಾಪಸ್ ಪಡೆಯಬೇಕಾಯಿತು. ವಾಹನ ಉದ್ಯಮದ ಇತಿಹಾಸದಲ್ಲೇ ಅತಿ ದೊಡ್ಡ ರೀಕಾಲ್ ಅದು. ಟಕಾಟಾ 2017ರಲ್ಲಿ ದಿವಾಳಿಯಾಯಿತು.

2006ರ ಮಾಡೆಲ್ ಫೋರ್ಡ್ ರೇಂಜರ್‌ಗಳಲ್ಲಿ ಹೀಗೆ ಡಬ್ಬಿ ಸಿಡಿದು ಇಬ್ಬರು ಚಾಲಕರು ಸತ್ತರು. ಒಬ್ಬರು 2015ರ ಡಿಸೆಂಬರಿನಲ್ಲಿ ಸೌತ್ ಕ್ಯಾರೊಲಿನಾದಲ್ಲಿ, ಇನ್ನೊಬ್ಬರು 2017ರ ಜುಲೈನಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ. 2018ರ ಜನವರಿಯಲ್ಲಿ ಫೋರ್ಡ್ ಸುಮಾರು 2,900 ರೇಂಜರ್‌ಗಳ ಮಾಲೀಕರಿಗೆ ಹೇಳಿದ್ದು "ಸರ್ವಿಸ್‌ಗೆ ತನ್ನಿ" ಅಂತಲ್ಲ, ಗಾಡಿ ಓಡಿಸಲೇಬೇಡಿ ಅಂತ. ನಿಂತಲ್ಲೇ ನಿಲ್ಲಿಸಿಬಿಡಿ ಅಂತ.

ಆ 2006ರಲ್ಲಿ ರೇಂಜರ್ ಬರುತ್ತಿದ್ದ ಸಾಲಿನಿಂದಲೇ ಮಜ್ದಾ ಬಿ ಸೀರೀಸ್ ಕೂಡ ಬರುತ್ತಿತ್ತು. ಮಜ್ದಾ ಕೂಡ ಕೆಲವು 2006ರ ಬಿ ಸೀರೀಸ್ ಮಾಲೀಕರಿಗೆ ಓಡಿಸಬೇಡಿ ಅಂತ ಹೇಳಬೇಕಾಯಿತು. ಮಜ್ದಾ ಸುಮ್ಮನೆ ಕೂತಿತ್ತು ಅಂತ ನಾನು ಹೇಳುತ್ತಿಲ್ಲ. ಅದು ಎಚ್ಚರಿಕೆ ಕೊಟ್ಟಿತು. ನನ್ನ ಪ್ರಶ್ನೆ, ಆ ಎಚ್ಚರಿಕೆ ಯಾರ ಕಿವಿಗೆ ಬಿತ್ತು ಅನ್ನೋದು.

ಕಲ್ಪಿಸಿಕೊಳ್ಳಿ. ಹನ್ನೆರಡು ವರ್ಷ ಹಳೆಯ ಪಿಕಪ್. ಮೂರನೇ ಕೈಗೋ ನಾಲ್ಕನೇ ಕೈಗೋ ಬಂದಿದೆ. ಅಂಥ ಗಾಡಿ ಓಡಿಸುವವರು ದಿನಗೂಲಿಯವರು, ತೋಟದ ಕೆಲಸದವರು, ಬಣ್ಣ ಹೊಡೆಯುವವರು. ರೀಕಾಲ್ ಕಾಗದ ಹೋಗುವುದು ನೋಂದಣಿ ದಾಖಲೆಯಲ್ಲಿರುವ ವಿಳಾಸಕ್ಕೆ. ಮೊನ್ನೆ ಮೊನ್ನೆ ಮನೆ ಬದಲಾಯಿಸಿದವನಿಗೆ ಉಳಿಯುವುದು ಟೀವಿ ಸುದ್ದಿ, ಪಕ್ಕದವರ ಮಾತು. ಸುದ್ದಿಯಲ್ಲಿ "ಫೋರ್ಡ್ ರೇಂಜರ್ ಓಡಿಸಬೇಡಿ" ಅಂತ ಬರುತ್ತೆ. ಅವನು ಕೇಳಿಸಿಕೊಳ್ಳುತ್ತಾನೆ. ಪಾಪ, ರೇಂಜರಿನವರು ಅಂದುಕೊಳ್ಳುತ್ತಾನೆ. ಕೀಲಿ ತೆಗೆದುಕೊಂಡು ತನ್ನ ಮಜ್ದಾ ಹತ್ತಿ ಕೆಲಸಕ್ಕೆ ಹೊರಡುತ್ತಾನೆ. ಅದೇ ಸ್ಟೀರಿಂಗು, ಅದೇ ಚೀಲ, ಅದೇ ಡಬ್ಬಿ, ಅವನ ಎದೆಯಿಂದ ಒಂದು ಗೇಣು ದೂರದಲ್ಲಿ.

ಅವನು ದಡ್ಡನಾ? ಖಂಡಿತ ಅಲ್ಲ. ಹಿಂಬಾಗಿಲ ಮೇಲೆ ದೊಡ್ಡದಾಗಿ ಬರೆದಿದ್ದನ್ನು ನಂಬಿದ, ಅಷ್ಟೇ.

ಗಾಡಿಯ ಗುರುತಿನ ನಂಬರನ್ನಾದರೂ ನೋಡಿದರೆ ಗೊತ್ತಾಗುತ್ತಾ? ಅಲ್ಲೂ ಸುಲಭವಿಲ್ಲ. ಹದಿನೇಳು ಅಕ್ಷರಗಳ ಆ ನಂಬರ್ ರೇಂಜರ್‌ನಲ್ಲಿ '1ಎಫ್‌ಟಿ' ಅಂತ ಶುರುವಾದರೆ ಬಿ ಸೀರೀಸ್‌ನಲ್ಲಿ '4ಎಫ್4' ಅಂತ ಶುರುವಾಗುತ್ತೆ. ಒಂದೇ ಸಾಲಿನಲ್ಲಿ ಹಿಂದೆ ಮುಂದೆ ಹುಟ್ಟಿದ ಎರಡು ಗಾಡಿಗಳಿಗೆ ಬೇರೆ ಬೇರೆ ಗೋತ್ರ. ಬಾಗಿಲು ತೆರೆದರೆ ಅಂಚಿನಲ್ಲಿ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ. ತಯಾರಿಸಿದ ಕಂಪನಿಯ ಹೆಸರು ಅದರಲ್ಲಿ ಇರಲೇಬೇಕು ಅಂತ ಅಮೆರಿಕದಲ್ಲಿ ನಿಯಮವಿದೆ. ಅಂದ್ರೆ ಸತ್ಯಕ್ಕೆ ಬಾಗಿಲ ಸಂದಿಯಲ್ಲಿ ಅಂಗೈಯಗಲ ಜಾಗ, ಸುಳ್ಳಿಗೆ ಹಿಂಬಾಗಿಲ ಉದ್ದಕ್ಕೂ ಜಾಗ. ಆ ಚೀಟಿಯಲ್ಲೂ "ಇದು ರೇಂಜರ್" ಅಂತ ಬರೆಯಬೇಕಾದ ಅಗತ್ಯವಿಲ್ಲ.

"ತಿಳಿದವರಿಗೆ ಎಲ್ಲಾ ಗೊತ್ತಿರುತ್ತೆ ಬಿಡಿ" ಅನ್ನುವವರಿಗೆ ನನ್ನ ಉತ್ತರ ಇದೇ. ತಿಳಿದವರು ಅಂದ್ರೆ ಯಾರು? ಗಾಡಿ ಹುಚ್ಚಿನ ನಾಲ್ಕು ಜನ. ಎಲ್ಲರಿಗೂ ಗೊತ್ತಿರುವುದೇ ಆಗಿದ್ದರೆ ಬರೆಯುವುದಕ್ಕೆ ಏನು ಕಷ್ಟ? ಎಲ್ಲರಿಗೂ ಗೊತ್ತಾದರೆ ವ್ಯಾಪಾರಕ್ಕೆ ಪೆಟ್ಟು ಅಂತ ತಾನೇ ಬರೆಯದೇ ಇರುವುದು?

ಇನ್ನೊಂದು ಗೋಜಲಿದೆ. ಒಂದೇ ಗಾಡಿಗೆ ಹಲವು ಹೆಸರು ಇರುವ ಹಾಗೆ, ಒಂದೇ ಹೆಸರಿನೊಳಗೆ ಹಲವು ಗಾಡಿಗಳು. ಮಜ್ದಾ ಬಿಟಿ-50 ತಗೊಳ್ಳಿ. 2011ರಲ್ಲಿ ಬಂದದ್ದಕ್ಕೆ ಅಡಿಪಾಯ ಫೋರ್ಡ್ ರೇಂಜರ್. 2020ರಲ್ಲಿ ಬಂದದ್ದು ಇಸುಜು ಡಿ-ಮ್ಯಾಕ್ಸ್. ಹೆಸರಲ್ಲಿ ಒಂದಕ್ಷರ ಬದಲಾಗಿಲ್ಲ, ಒಳಗಿನ ಎಂಜಿನ್ನಿನಿಂದ ಹಿಡಿದು ಎಲ್ಲ ಬೇರೆ. ಫೋಕ್ಸ್‌ವ್ಯಾಗನ್ ಅಮರಾಕ್ 2010ರಲ್ಲಿ ಬಂದಾಗ ಅವರದೇ ಸ್ವಂತ ಗಾಡಿ. 2022ರಲ್ಲಿ ಬಂದ ಎರಡನೇ ಅಮರಾಕ್ ಅಡಿಯಲ್ಲಿ ಫೋರ್ಡ್ ರೇಂಜರ್, ತಯಾರಾಗುವುದು ದಕ್ಷಿಣ ಆಫ್ರಿಕಾದ ಸಿಲ್ವರ್ಟನ್‌ನ ಫೋರ್ಡ್ ಕಾರ್ಖಾನೆಯಲ್ಲಿ. (ಇದೇ ಫೋಕ್ಸ್‌ವ್ಯಾಗನ್ 1989ರಲ್ಲಿ ಟೊಯೊಟಾ ಹೈಲಕ್ಸನ್ನು 'ಟಾರೊ' ಅಂತ ಮಾರಿತ್ತು. ಹಳೇ ಚಾಳಿ!) ಇನ್ನು 'ರಾಮ್ 1200' ಅನ್ನೋ ಬಿಲ್ಲೆ ಮೊದಲು ಮಧ್ಯಪ್ರಾಚ್ಯದಲ್ಲಿ ಮಿತ್ಸುಬಿಷಿ ಎಲ್200 ಮೇಲೆ ಕೂತಿತ್ತು, ಆಮೇಲೆ ಮೆಕ್ಸಿಕೋದಲ್ಲಿ ಚೀನಾದ ಚಾಂಗಾನ್ ಕಂಪನಿಯ ಪಿಕಪ್ ಮೇಲೆ ಕೂತಿತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವನು ಏನಂತ ವಿಚಾರಿಸಬೇಕು ಹೇಳಿ? "ನಮ್ಮ ಮಾವನ ಹತ್ರ ಬಿಟಿ-50 ಇತ್ತು, ಗಟ್ಟಿಮುಟ್ಟು" ಅನ್ನುವ ಅನುಭವದ ಮಾತಿಗೆ ಈಗ ಬೆಲೆಯೇ ಇಲ್ಲ. ಮಾವನದು ಫೋರ್ಡ್ ಆಗಿತ್ತು, ಅಳಿಯ ಕೊಳ್ಳುತ್ತಿರುವುದು ಇಸುಜು. ಹೊಸದು ಹಳೆಯದಕ್ಕಿಂತ ಚೆನ್ನಾಗಿಯೂ ಇರಬಹುದು. ಆದರೆ ಬ್ರ್ಯಾಂಡ್ ಅಂದ್ರೆ ನಂಬಿಕೆ ಅಂತ ಜಾಹೀರಾತಿನವರು ಬಾಯಿ ತುಂಬ ಹೇಳ್ತಾರಲ್ಲ, ಆ ನಂಬಿಕೆ ಇಟ್ಟುಕೊಳ್ಳಬೇಕಾದದ್ದು ಯಾರ ಮೇಲೆ?

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು. ಸಾಫ್ಟ್‌ವೇರಿನಲ್ಲಿ ಓಪನ್ ಸೋರ್ಸ್ ಅಂತ ಒಂದು ಪದ್ಧತಿ ಇದೆ. ಯಾರೋ ಪುಣ್ಯಾತ್ಮ ಬರೆದ ಕೋಡನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಎಂಐಟಿ ಲೈಸೆನ್ಸ್ ಅಂತ ಒಂದಿದೆ, ಓದಿದರೆ ಎರಡು ಮೂರು ಪ್ಯಾರಾ ಅಷ್ಟೇ. ಬಿಟ್ಟಿ ಕೊಡುವ ಆ ಲೈಸೆನ್ಸ್ ಕೂಡ ಒಂದು ಷರತ್ತು ಮಾತ್ರ ಬಿಡಲ್ಲ. ಮೂಲ ಬರೆದವನ ಹೆಸರಿರುವ ಸಾಲನ್ನು ಅಳಿಸುವಂತಿಲ್ಲ! ಇದು ಬರೀ ಮರ್ಯಾದೆಯ ಪ್ರಶ್ನೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯ್ತು. ಒಂದು ಲೈಬ್ರರಿಯಲ್ಲಿ ದೋಷ ಸಿಕ್ಕಿತು ಅನ್ನಿ, ಅದು ನಮ್ಮ ಪ್ರೋಗ್ರಾಮಿನಲ್ಲಿ ಎಲ್ಲೆಲ್ಲಿ ಕೂತಿದೆ ಅಂತ ಹುಡುಕುವುದು ಅದರ ಮೂಲ ಹೆಸರಿನಿಂದಲೇ. ಯಾರಾದರೂ ಹೆಸರು ಬದಲಾಯಿಸಿ ಸೇರಿಸಿಬಿಟ್ಟಿದ್ದರೆ ಕಥೆ ಮುಗೀತು. ಎಲ್ಲಾ ಸರಿಪಡಿಸಿದೆವು ಅಂತ ಮನೆಗೆ ಹೋಗಿ ಮಲಗಿರ್ತೀವಿ, ದೋಷ ಬೇರೆ ಹೆಸರಲ್ಲಿ ಎಚ್ಚರವಾಗಿರುತ್ತೆ.

ಬಿಟ್ಟಿ ಕೋಡಿಗೆ ಇರುವ ನಿಯಮ, ಲಕ್ಷಾಂತರ ರೂಪಾಯಿ ಕೊಟ್ಟು ಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಯಾಕಿಲ್ಲ?

"ಅಮೆರಿಕ, ಯುರೋಪಿನ ಪಿಕಪ್ ಕಟ್ಟಿಕೊಂಡು ನಮಗೇನು?" ಅಂತ ಕೇಳಬಹುದು. ಪಿಕಪ್ ಬಿಡಿ, ಕಾರಿನ ರೂಪದಲ್ಲಿ ಇದೇ ಪದ್ಧತಿ ನಮ್ಮ ಊರಿಗೂ ಬಂದಾಗಿದೆ. 2019ರಲ್ಲಿ ಮಾರುತಿ ಬಲೆನೋ ಟೊಯೊಟಾ ಗ್ಲಾಂಜಾ ಆಯಿತು. 2022ರಲ್ಲಿ ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಟೊಯೊಟಾ ಹೈರೈಡರ್ ಬಂತು, ಅದೇ ಕಾರ್ಖಾನೆಯಿಂದ ಮಾರುತಿ ಗ್ರ್ಯಾಂಡ್ ವಿಟಾರಾ ಕೂಡ ಬಂತು. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿ ತಿನ್ನಲು ನಿಲ್ಲಿಸಿದ ಎರಡು ಬೇರೆ ಬೇರೆ ಕಾರು ಒಂದೇ ಬಾಗಿಲಿಂದ ಹೊರಬಂದವು ಅಂತ ಎಷ್ಟು ಜನಕ್ಕೆ ಗೊತ್ತಿದೆ?

2023ರ ಜನವರಿಯಲ್ಲಿ ಮಾರುತಿ ಕಂಪನಿ 17,362 ಗಾಡಿಗಳನ್ನು ಏರ್‌ಬ್ಯಾಗ್ ನಿಯಂತ್ರಕದ ದೋಷಕ್ಕಾಗಿ ವಾಪಸ್ ಕರೆಸಿತು. ಅದರಲ್ಲಿ ಬಲೆನೋ ಇತ್ತು, ಗ್ರ್ಯಾಂಡ್ ವಿಟಾರಾ ಇತ್ತು. ಅದೇ ಹೊತ್ತಿಗೆ ಟೊಯೊಟಾ 1,390 ಗ್ಲಾಂಜಾ ಮತ್ತು ಹೈರೈಡರ್‌ಗಳನ್ನು ಅದೇ ಕಾರಣಕ್ಕೆ ಕರೆಸಿತು. ಇಬ್ಬರೂ ಒಟ್ಟೊಟ್ಟಿಗೆ ಹೇಳಿದರು, ಗಾಡಿಗಳೂ ಹೊಚ್ಚ ಹೊಸವು, ಮೊದಲ ಮಾಲೀಕರ ಹತ್ತಿರವೇ ಇದ್ದವು. ಅದಕ್ಕೆ ಗಡಿಬಿಡಿಯಾಗಲಿಲ್ಲ. ಇದೇ ದೋಷ ಹನ್ನೆರಡು ವರ್ಷ ಬಿಟ್ಟು ಕಾಣಿಸಿಕೊಂಡಿದ್ದರೆ? ಅಷ್ಟರಲ್ಲಿ ಇಬ್ಬರ ಪಾಲುದಾರಿಕೆ ಮುರಿದಿದ್ದರೆ? ನಾಲ್ಕನೇ ಮಾಲೀಕ ಯಾವುದೋ ಹಳ್ಳಿಯಲ್ಲಿ "ಮಾರುತಿಯವರು ಕರೆದಿದ್ದಾರಂತೆ, ನಮ್ದು ಟೊಯೊಟಾ ಬಿಡು" ಅಂದುಕೊಂಡಿದ್ದರೆ?

ಬೈದು ಕೈ ತೊಳೆದುಕೊಳ್ಳುವುದು ಸುಲಭ, ಆದ್ದರಿಂದ ಏನು ಬೇಕು ಅಂತಲೂ ಹೇಳಿಬಿಡ್ತೀನಿ. ದೊಡ್ಡ ಬೇಡಿಕೆಗಳೇನಲ್ಲ.

ಒಂದು, ಜಾಹೀರಾತಿನ ಕರಪತ್ರದಲ್ಲಿ, ಬಾಗಿಲಂಚಿನ ಚೀಟಿಯಲ್ಲಿ, ನೋಂದಣಿ ಪತ್ರದಲ್ಲಿ ಮೂಲ ಮಾಡೆಲ್ ಹೆಸರು ಇರಬೇಕು. ಇಂಥ ಕಂಪನಿಯ ಇಂಥ ಗಾಡಿಯ ಮೇಲೆ ಕಟ್ಟಿದ್ದು ಅಂತ ಒಂದೇ ಸಾಲು ಸಾಕು. ಹಿಂಬಾಗಿಲ ಬಿಲ್ಲೆ ಬೇಕಾದರೆ ಅವರೇ ಇಟ್ಟುಕೊಳ್ಳಲಿ.

ಎರಡು, ರೀಕಾಲ್ ಪ್ರಕಟಣೆ ಹೊರಡಿಸುವಾಗ ಒಂದೇ ದೋಷವಿರುವ ಎಲ್ಲ ಹೆಸರುಗಳನ್ನೂ ಒಂದೇ ಪ್ರಕಟಣೆಯಲ್ಲಿ ಹಾಕಬೇಕು. "ರೇಂಜರ್ ಓಡಿಸಬೇಡಿ" ಅನ್ನೋ ವಾಕ್ಯದಲ್ಲೇ "ಬಿ ಸೀರೀಸ್ ಕೂಡ" ಅಂತ ಇರಬೇಕು.

ಮೂರು, ಬಿಲ್ಲೆ ಹಾಕಿದವನು ಅಂಗಡಿ ಮುಚ್ಚಿದರೆ ಗಾಡಿ ಮಾಡಿದವನು ಆ ಗಾಡಿಯ ಸರ್ವಿಸು, ಸ್ಪೇರ್ ಪಾರ್ಟು, ಉಳಿದ ವಾರಂಟಿ ವಹಿಸಿಕೊಳ್ಳಬೇಕು. ಪಾಲುದಾರಿಕೆಯ ಕರಾರು ಬರೆಯುವಾಗಲೇ ಇದೂ ಸೇರಿರಬೇಕು. ಎರಡೂ ಕಡೆ ಲಾಭ ಹಂಚಿಕೊಂಡವರು ಭಾರ ಹೊರುವಾಗ ನನ್ನದಲ್ಲ ನಿನ್ನದು ಅಂದರೆ ಹೇಗೆ? ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಇದಕ್ಕೆ ಹೊಸ ಕಾರ್ಖಾನೆ ಬೇಡ, ಹೊಸ ಸಂಶೋಧನೆ ಬೇಡ. ಎರಡು ಸಾಲು ಮುದ್ರಣದ ಖರ್ಚು ಅಷ್ಟೇ. ಗ್ರಿಲ್ ಬದಲಾಯಿಸಲು ಇರುವ ದುಡ್ಡು ಇದಕ್ಕೆ ಇಲ್ಲ ಅಂದರೆ ನಂಬುವುದು ಕಷ್ಟ.

ಅಲ್ಲಿಯವರೆಗೆ ನಮ್ಮ ಕೈಲಿರುವುದು ಇಷ್ಟೇ. ಗಾಡಿ ಕೊಳ್ಳುವ ಮುಂಚೆ ಸೇಲ್ಸ್‌ನವನನ್ನು ಒಂದು ಪ್ರಶ್ನೆ ಕೇಳಿ: "ಇದನ್ನು ಮಾಡಿದ್ದು ಯಾರು? ಬೇರೆ ಯಾವ ಹೆಸರಲ್ಲಿ ಮಾರ್ತಾರೆ?" ಅವನು ತಡವರಿಸಿದರೆ ಬಾಗಿಲು ತೆರೆದು ಅಂಚಿನ ಚೀಟಿ ಓದಿ. ಎರಡೂ ಹೆಸರನ್ನು ಕಾಗದದಲ್ಲಿ ಬರೆದು ಗಾಡಿಯ ಪುಸ್ತಕದೊಳಗೆ ಇಡಿ. ಮಾರುವಾಗ ಮುಂದಿನವನಿಗೆ ಆ ಕಾಗದವನ್ನೂ ಕೊಡಿ. ನಾಳೆ ಯಾವುದೋ ದೇಶದಲ್ಲಿ ಯಾವುದೋ ಹೆಸರಿನ ಗಾಡಿ ಓಡಿಸಬೇಡಿ ಅಂತ ಸುದ್ದಿ ಬಂದಾಗ, ಅದು ತನ್ನದೂ ಹೌದು ಅಂತ ಅವನಿಗೆ ಗೊತ್ತಾಗಲಿ.